ಗುಳ್ಳಕಾಯಜ್ಜಿಯ ಪಾಲು

ಎತ್ತರವಾಗಿ ನಿಂತ ಮಾತ್ರಕ್ಕೆ ಒಂದು ಕಲಾಕೃತಿಯು ಜನರದ್ದಾಗುವುದೆ? ಆಗಲಾರದೆಂದೇ ನನ್ನ ಅಭಿಪ್ರಾಯ. ಅದರಲ್ಲಿ ಜನರಿಗೂ ಒಂದು ಪಾಲು ದೊರೆತಾಗಲೇ ಅದು ಅವರದ್ದಾಗುತ್ತದೆ. ಈ ಸತ್ಯವನ್ನು ನನಗೆ ಮನಗಾಣಿಸಿದುದು ಶ್ರವಣಬೆಳಗೊಳ.

ವಿಂಧ್ಯಗಿರಿಯ ನೆತ್ತಿಯ ಮೇಲಿರುವ 58 ಅಡಿ ಎತ್ತರದ ಗೊಮ್ಮಟನನ್ನು ಅರಿಯದ ಕನ್ನಡಿಗರು ವಿರಳ. ಗಂಗರ ಮಂತ್ರಿಯಾದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಅದನ್ನು ಮಾಡಿಸಿದನು. ವಿಗ್ರಹದ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಭಾಷೆಗಳ ಶಾಸನಗಳಿವೆ. ಮಾಡಿಸಿದವನ ಹೆಸರನ್ನು ಅವು ಸಾರುತ್ತವೆ. ಬಂಡೆಯನ್ನು ಕಡೆದ ಕೈಗಳ ವಿಷಯದಲ್ಲಿ ಮೌನವಾಗಿವೆ.

ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ನನ್ನ ವಿದ್ಯಾರ್ಥಿಗಳೊಡನೆ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನೇರಿ ಅಲ್ಲಿಗೆ ಹೋಗಿದ್ದೆ. ಗೊಮ್ಮಟನನ್ನು ಕಣ್ತುಂಬ ನೋಡಿ ಹೊರಬರುತ್ತಿದ್ದಾಗ ಬಾಲಕಿಯೊಬ್ಬಳು ಪ್ರಾಕಾರದ ಹೊರಗಿರುವ ಪುಟ್ಟ ಶಿಲಾಮೂರ್ತಿಯ ಮುಂದೆ ನಿಂತಳು. "ಅಷ್ಟು ದೊಡ್ಡ ಗೊಮ್ಮಟನ ಎದುರಿಗೆ ಈ ಅಜ್ಜಿ ಏಕೆ, ಮೇಷ್ಟ್ರೇ?" ಎಂದು ಕೇಳಿದಳು.

ಅವಳು ಗುಳ್ಳಕಾಯಜ್ಜಿ. ಚಾವುಂಡರಾಯನು ಕೊಡಕೊಡಗಳಲ್ಲಿ ಎರೆಸಿದ ಹಾಲು ವಿಗ್ರಹದ ಪಾದವನ್ನು ಮುಟ್ಟಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ಗುಟುಕು ಹಾಲು ಮುಡಿಯಿಂದ ಅಡಿಯವರೆಗೂ ಹರಿಯಿತಂತೆ. ಇದು ಐತಿಹ್ಯ, ಚರಿತ್ರೆಯ ಸಾಕ್ಷ್ಯವನ್ನು ಇದಕ್ಕೆ ಕೇಳಬೇಕಾಗಿಲ್ಲ. ಮಂತ್ರಿಯ ಕೃತಿಯಲ್ಲಿ ಬಡವರಿಗೂ ಪಾಲುಂಟೆಂದು ಜನಮನವು ಬರೆದುಕೊಂಡ ಹಕ್ಕುಪತ್ರವಿದು.

ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕಕ್ಕೆ ದೇಶದ ನಾನಾ ಕಡೆಗಳಿಂದ ಜನರು ಬರುತ್ತಾರೆ. 2018ರಲ್ಲಿಯೂ ಹಾಗೆಯೇ ಬಂದರು. ಹಾಲು, ಅರಿಸಿನ, ಚಂದನಗಳಿಂದ ಗೊಮ್ಮಟನ ಬಣ್ಣವು ಬದಲಾಗುವಾಗ, ನೆರೆದವರ ಭಾಷೆ ಬೇರೆಯಾದರೂ ಬೆರಗು ಒಂದೇ. ಆದರೆ ಕಲಶವೆರೆಯುವ ಗೌರವವು ಹೆಚ್ಚಾಗಿ ದಾನಿಗಳಿಗೆ ಸಲ್ಲುತ್ತದೆ. ಅಟ್ಟಣಿಗೆ ಕಟ್ಟಿದವರು ಕೆಳಗೇ ಉಳಿಯುತ್ತಾರೆ. ಅಂದು ಅಜ್ಜಿಯ ಕಥೆ ನೆನಪಾಗದಿದ್ದರೆ ಇನ್ನೆಂದು ನೆನಪಾಗಬೇಕು?

ಬಡವರ ನಾಡಿಗೆ ಬೃಹತ್ ಪ್ರತಿಮೆಗಳು ಏಕೆಂದು ಕೇಳುವವರುಂಟು. ನಿಲ್ಲಿಸಿದವರ ಕೀರ್ತಿಗೆ ಮಾತ್ರ ನಿಂತ ಪ್ರತಿಮೆಯ ಮಟ್ಟಿಗೆ ಆ ಪ್ರಶ್ನೆಯು ನ್ಯಾಯವಾದುದೇ. ಊರಿನವರು ಕೂಡಿ ಯೋಚಿಸಿ, ಕೈಯಿಕ್ಕಿ ದುಡಿದು, ತಮ್ಮದೆಂದು ಕಾಯುವ ಕೃತಿಯು ಮಾತ್ರ ವೆಚ್ಚವೆನಿಸದು. ಅದು ಊರನ್ನೇ ಒಂದುಗೂಡಿಸುತ್ತದೆ.

ನಾಳೆ ನಿಮ್ಮ ಊರಿನಲ್ಲಿಯೂ ಒಂದು ದೊಡ್ಡ ಪ್ರತಿಮೆ ಏಳಬಹುದು. ಅದರ ಎತ್ತರವೆಷ್ಟೆಂದು ಎಲ್ಲರೂ ಕೇಳುತ್ತಾರೆ. ಗುಳ್ಳಕಾಯಜ್ಜಿಗೆ ಅಲ್ಲಿ ಸ್ಥಳವೆಲ್ಲಿ ಎಂದು ನೀವು ಕೇಳಿರಿ.