ಮುಖ ಗೊತ್ತು, ಹೆಸರೇನು?

ಮಕ್ಕಳೇ, ಟೀವಿಯಲ್ಲಿ ಹಳೆಯ ಸಿನಿಮಾ ನೋಡುತ್ತಾ ಅಜ್ಜ, "ಇವರು... ಅದೇ, 1954ರ ‘ಬೇಡರ ಕಣ್ಣಪ್ಪ’ದಲ್ಲೂ ಇದ್ರಲ್ಲ, ನಗಿಸೋರು!" ಎಂದು ತಡವರಿಸಿದರೆ ನಗಬೇಡಿ. ಲೆಡ್ಜರಿನಲ್ಲಿ ಖಾತೆ ಇದೆ, ಪುಟ ಸಿಗುತ್ತಿಲ್ಲ, ಅಷ್ಟೇ. ಮುಖ, ಪಾತ್ರ, ಕೆಲಸ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಹೆಸರಿಗೆ ಅಂಥ ಕೊಂಡಿ ಕಡಿಮೆ. ಪೂರ್ತಿ ಹೆಸರು ಹೇಳಿಬಿಡಬೇಡಿ. ‘ನ’ ಎನ್ನಿ ಸಾಕು. "ನರಸಿಂಹರಾಜು!" ಎಂದು ಅವರೇ ಹೇಳಿಯಾರು.

ದನಿ ಕೇಳಿ ಹೆಸರು ಹೇಳುವುದು ಇನ್ನೂ ಕಷ್ಟ. ರಾಜ್‌ಕುಮಾರ್ ಅವರ 1960ರ ದಶಕದ ಚಿತ್ರಗೀತೆ ಹಾಕಿ, ಹಾಡಿದವರು ಯಾರೆಂದು ಅಪ್ಪ ಅಮ್ಮನನ್ನು ಕೇಳಿ. ಬಹುಪಾಲು ಪಿ.ಬಿ. ಶ್ರೀನಿವಾಸ್!

ಹಿರಿಯರೇ, ಹೆಸರು ನೆನಪಾಗಲಿಲ್ಲವೆಂದು ನೀವೂ ಮಾತು ನುಂಗಬೇಡಿ. ಹೆಸರು ನಿಧಾನವಾಗಿ ಬರಲಿ, ಕಥೆ ಮುಂದುವರಿಯಲಿ. ಅದು ನಿಂತರೆ ನಷ್ಟ ಮಕ್ಕಳಿಗೆ.