ಕೊರಳ ಬಿಲ್ಲೆಯೂ ನಮ್ಮ ಹೊಣೆಯೂ

ಕಳೆದ ಮಳೆಗಾಲದಲ್ಲಿ ಮುಂಬಯಿಯ ನಮ್ಮ ವಠಾರಕ್ಕೆ ದಾರಿತಪ್ಪಿ ಬಂದ ಸಾಕುನಾಯಿಯೊಂದು, ತನ್ನನ್ನು ಹಿಡಿಯಹೋದ ಹುಡುಗನನ್ನು ಕಚ್ಚಿತು. ಕೊರಳಪಟ್ಟಿಯಲ್ಲಿ ಬಿಲ್ಲೆಯೇನೋ ಇದ್ದಿತು. ಬಣ್ಣದಲ್ಲಿ ಅಚ್ಚೊತ್ತಿದ್ದ ದೂರವಾಣಿ ಸಂಖ್ಯೆ ಮಾತ್ರ ಅಳಿಸಿಹೋಗಿದ್ದಿತು. ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ತೊಳೆದು, ವೈದ್ಯರಿಂದ ಚುಚ್ಚುಮದ್ದು ಕೊಡಿಸಿದೆವು. ರೇಬಿಸ್ ಲಕ್ಷಣಗಳು ತೋರಿದ ಮೇಲೆ ಬದುಕುವುದು ತೀರ ದುರ್ಲಭ. ಆದರೆ ನಾಯಿಗೆ ಲಸಿಕೆ ಆಗಿದ್ದಿತೇ? ಅದನ್ನು 10 ದಿನ ಕಟ್ಟಿಹಾಕಿ ಗಮನಿಸುವ ಹೊಣೆ ಯಾರದು? ಉತ್ತರಿಸಬೇಕಾದ ಒಡೆಯನ ಗುರುತೇ ಇರಲಿಲ್ಲ.

ಬಿಲ್ಲೆ ಕೊಳ್ಳುವಾಗ ನಾವು ಅಂದವನ್ನು ನೋಡುತ್ತೇವೆ, ಬಾಳಿಕೆಯನ್ನಲ್ಲ. ಬಣ್ಣದ ಅಕ್ಷರ ಮಳೆ, ಬಿಸಿಲು, ತಿಕ್ಕಾಟಗಳಿಗೆ ನಿಲ್ಲದು. ಅಲ್ಯೂಮಿನಿಯಂ ಹಗುರ, ಅಗ್ಗ; ಆದರೆ ಮೆದುವಾದುದರಿಂದ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಆಳವಾಗಿ ಕೆತ್ತಿಸಿದ ಅಕ್ಷರವೇ ಉತ್ತಮವೆಂದು ನನ್ನ ಅಭಿಮತ. ಮದುವೆಯಲ್ಲಿ ಬಂದ ಪಾತ್ರೆಗಳ ಮೇಲೆ ಕೆತ್ತಿಸಿದ ಹೆಸರು, ದಿನವೂ ಬೆಳಗಿದರೂ ದಶಕಗಳ ತರುವಾಯ ಓದಲು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಚರ್ಮದಡಿ ಇರಿಸುವ 15 ಅಂಕಿಗಳ ಮೈಕ್ರೋಚಿಪ್ ಕಳಚಿ ಬೀಳದು, ನಿಜ. ಆದರೆ ಅದನ್ನು ಓದಲು ಯಂತ್ರ ಬೇಕು. ದಾರಿಹೋಕನಿಗೆ ಬೇಕಾದುದು ಕಣ್ಣಿಗೆ ಕಾಣುವ ಸಂಖ್ಯೆ. ಆದುದರಿಂದ ಚಿಪ್ ಇದ್ದರೂ ಬಿಲ್ಲೆ ಇರಲಿ. ಅದರಲ್ಲಿ ನಾಯಿಯ ಹೆಸರಿಗಿಂತ ಮೊದಲು ದೊಡ್ಡ ಅಂಕಿಗಳಲ್ಲಿ ದೂರವಾಣಿ ಸಂಖ್ಯೆ ಇರಲಿ.

ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವ ದಿನ ಬಿಲ್ಲೆಯನ್ನೂ ಒರೆಸಿ ಓದಿ ನೋಡೋಣ. ಲೆಕ್ಕದ ಪುಸ್ತಕದಲ್ಲಿ ಓದಲಾಗದ ನಮೂದು ಇದ್ದೂ ಇಲ್ಲದಂತೆ. ಬಿಲ್ಲೆಗೂ ಅದೇ ಮಾತು ಸಲ್ಲುತ್ತದೆ.