ಹಲ್ಲು ಕೀಳುವ ಮೊದಲೇ ಅಪಾಯ ತಿಳಿಸಲಿ



ನನ್ನ ತಂಗಿ ಕೆಳದವಡೆಯ ಬುದ್ಧಿಹಲ್ಲು ಕೀಳಿಸಿಕೊಂಡು ತಿಂಗಳುಗಳೇ ಕಳೆದರೂ ತುಟಿ, ಗದ್ದದ ಒಂದು ಬದಿ ಜೋಮು ಬಿಟ್ಟಿಲ್ಲ. ಕಾಫಿ ಕುಡಿಯುವಾಗ ಗದ್ದಕ್ಕೆ ಸುರಿದರೂ ಅವಳಿಗೆ ಗೊತ್ತಾಗುವುದಿಲ್ಲ. ಆ ಹಲ್ಲಿನ ಬೇರಿನ ಪಕ್ಕದಲ್ಲೇ ದವಡೆಯ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಬರುವ ಜೋಮು ಬಹುತೇಕರಿಗೆ ಕ್ರಮೇಣ ಸರಿಹೋಗುತ್ತದೆ, ಕೆಲವರಿಗೆ ಶಾಶ್ವತವಾಗಿ ಉಳಿಯುತ್ತದೆ. ಇದನ್ನು ಯಾರೂ ಮೊದಲೇ ಹೇಳಲಿಲ್ಲ. ಇಂಗ್ಲಿಷ್ ಫಾರಂಗೆ ಸಹಿ ಹಾಕಿಸಿಕೊಂಡರು, ಅಷ್ಟೆ. ಅಪಾಯ ವಿವರಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಅಪಾಯ ತಗ್ಗಿಸುವ ದಾರಿಗಳೂ ಇವೆ. ಎಕ್ಸ್‌ರೇಯಲ್ಲಿ ಬೇರು ನರಕ್ಕೆ ತಾಗಿದಂತೆ ಕಂಡರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಮಾಡಿಸಬಹುದು; ಬೇರು ಬಿಟ್ಟು ಹಲ್ಲಿನ ಮೇಲ್ಭಾಗವನ್ನಷ್ಟೇ ತೆಗೆಯುವ ವಿಧಾನವೂ ಇದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಅದನ್ನು ಓದಿ ಹೇಳಬೇಕು ಎಂದು ರಾಜ್ಯ ದಂತವೈದ್ಯ ಪರಿಷತ್ತು ಎಲ್ಲ ಕ್ಲಿನಿಕ್‌ಗಳಿಗೆ ಸೂಚಿಸಲಿ ಎಂದು ಕೋರುತ್ತೇನೆ.

— ಓದುಗ, ತುಮಕೂರು